ಸೇಕ್ರೆಡ್ ಸ್ಟೋನ್ಸ್ ಆಡಿದವರು ಇದ್ದೀರಾ? ನಿಮ್ಮ ರಾಸ್ ಸತ್ತಾಗ ನೀವೇನು ಮಾಡಿದ್ರಿ?

ತೊಗರಿಹೊಲ, ಕಲಬುರಗಿ

ಹೋದ ವಾರ ಮನೆಗೆ ಸುಣ್ಣ ಹೊಡೆಸುವಾಗ ಹಳೇ ಟ್ರಂಕಿನಲ್ಲಿ ನನ್ನ ಗೇಮ್‌ಬಾಯ್ ಅಡ್ವಾನ್ಸ್ ಎಸ್‌ಪಿ ಸಿಕ್ಕಿತು, ಕೈಯಲ್ಲಿ ಹಿಡಿದು ಆಡೋ ವಿಡಿಯೋ ಗೇಮ್. ಬೆಳ್ಳಿ ಬಣ್ಣದ್ದು, ಡಬ್ಬಿ ಥರ ಮಡಚೋದು. ಚಾರ್ಜರ್ ಚುಚ್ಚಿದೆ, ಕಿತ್ತಳೆ ದೀಪ ಹತ್ತಿತು. ಒಳಗೆ ಅದೇ ಕಾರ್ಟ್ರಿಜ್: ಫೈರ್ ಎಂಬ್ಲಮ್, ದಿ ಸೇಕ್ರೆಡ್ ಸ್ಟೋನ್ಸ್. ನಾನು ಆಡಿ ಬಿಟ್ಟಿದ್ದ ಆಟ ಕೂಡ ಹಾಗೇ ಉಳಿದಿತ್ತು. ಅವತ್ತು ರಾತ್ರಿ ಎರಡು ಗಂಟೆವರೆಗೆ ಮಲಗಲಿಲ್ಲ. ಈ ಆಟದ ಬಗ್ಗೆ ಕನ್ನಡದಲ್ಲಿ ಯಾರ ಜೊತೆಗೂ ಮಾತಾಡಿಲ್ಲ. ಅದಕ್ಕೇ ಇಲ್ಲಿ ಬರೀತಿದ್ದೀನಿ.

2006ರ ಬೇಸಿಗೆಯಲ್ಲಿ ನಮ್ಮ ಕಾಕಾ ದುಬೈಯಿಂದ ಬರುವಾಗ ತಂದುಕೊಟ್ಟಿದ್ದು. ಆಗ ನಾನು ಏಳನೇ ಕ್ಲಾಸು ಮುಗಿಸಿದ್ದೆ. ಊರಿಗೆ ಇನ್ನೂ ಗುಲ್ಬರ್ಗಾ ಅಂತಲೇ ಹೆಸರು. ಕಾಕಾ ತಂದಿದ್ದು ಒಂದೇ ಕಾರ್ಟ್ರಿಜ್. ಇನ್ನೊಂದು ಸಿಗುತ್ತಾ ಅಂತ ಸೂಪರ್ ಮಾರ್ಕೆಟ್ ಪೂರ್ತಿ ಸುತ್ತಿದೆ, ಎಲ್ಲೂ ಸಿಗಲಿಲ್ಲ. ಹಾಗಾಗಿ ನಾಲ್ಕು ವರ್ಷ ಅದೊಂದೇ ಆಟ. ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು ಹೇಗಿರುತ್ತೆ ನಿಮಗೆ ಗೊತ್ತು. ರಾತ್ರಿ ಎಲ್ಲರೂ ಮಾಳಿಗೆ ಮೇಲೆ ಹಾಸಿಗೆ ಹಾಕಿಕೊಂಡು ಮಲಗುತ್ತಿದ್ದೆವು. ಕರೆಂಟ್ ಹೋದರೂ ಎಸ್‌ಪಿಗೆ ಅದರದ್ದೇ ಬೆಳಕು. ಹೊದಿಕೆ ಒಳಗೆ ಇಟ್ಟುಕೊಂಡು, ಅವ್ವನಿಗೆ ಕೇಳದ ಹಾಗೆ ಸೌಂಡ್ ಪೂರ್ತಿ ಇಳಿಸಿ ಆಡುತ್ತಿದ್ದೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡ್ತೀನಿ. ಚದುರಂಗದ ಹಾಗೆ ಮನೆಗಳಿರೋ ಹಾಸು. ಒಂದು ಸಲಕ್ಕೆ ಪರದೆ ಮೇಲೆ ಅಡ್ಡ 15 ಮನೆ, ಉದ್ದ 10 ಮನೆ ಕಾಣುತ್ತೆ. ನಿಮ್ಮವರೆಲ್ಲ ನಡೆದ ಮೇಲೆ ವೈರಿಗಳ ಸರದಿ. ಕತ್ತಿ ಕೊಡಲಿಗೆ ಮೇಲು, ಕೊಡಲಿ ಈಟಿಗೆ ಮೇಲು, ಈಟಿ ಕತ್ತಿಗೆ ಮೇಲು. ಆಯುಧ ಸವೆಯುತ್ತೆ. ಸಾದಾ ಕಬ್ಬಿಣದ ಕತ್ತಿ 46 ಏಟು ಹೊಡೆದ ಮೇಲೆ ಮುರಿದುಹೋಗುತ್ತೆ. ಇಷ್ಟು ಬೇರೆ ಆಟಗಳಲ್ಲೂ ಸಿಗಬಹುದು. ಆದರೆ ಇಲ್ಲಿನ ಕಾಯಿಗಳಿಗೆ ಹೆಸರಿದೆ, ಮುಖ ಇದೆ, ಅಪ್ಪ ಇದ್ದಾನೆ, ಓಣಿಯ ಗೆಳತಿ ಇದ್ದಾಳೆ. ಸತ್ತರೆ ಸತ್ತರು. ಮುಂದಿನ ಯುದ್ಧಕ್ಕೆ ವಾಪಸ್ ಬರೋದಿಲ್ಲ.

ಎರಡನೇ ಅಧ್ಯಾಯದಲ್ಲಿ ರಾಸ್ ಸಿಗುತ್ತಾನೆ. ಹಳ್ಳಿ ಹುಡುಗ, ಕೈಯಲ್ಲಿ ಎಸೆಯೋ ಸಣ್ಣ ಕೊಡಲಿ. ಅವನಪ್ಪ ಗಾರ್ಸಿಯಾ ಮೊದಲು ಸೈನ್ಯದಲ್ಲಿದ್ದವನು. ಹೆಂಡತಿ ತೀರಿಕೊಂಡ ಮೇಲೆ ಮಗನನ್ನು ಸಾಕೋಕೆ ಅಂತ ಕೆಲಸ ಬಿಟ್ಟು ಊರಿಗೆ ಬಂದಿರ್ತಾನೆ. ರಾಸ್ ಮೊದಲು ಏನೂ ಬಾರದ ಹುಡುಗ. ಒಂದು ಏಟು ತಿಂದರೆ ಅರ್ಧ ಜೀವ. ಅವನನ್ನು ಅಪ್ಪನ ಹಿಂದೆ ನಿಲ್ಲಿಸಿ, ಬೇರೆಯವರು ಮುಕ್ಕಾಲು ಹೊಡೆದ ವೈರಿಯನ್ನು ಅವನ ಕೈಗೆ ಕೊಟ್ಟು ಬೆಳೆಸಬೇಕು. ಲೆವೆಲ್ ಏರಿದಾಗ ಒಂದೊಂದೇ ಅಂಕಿ ಟಿಕ್ ಟಿಕ್ ಅಂತ ಏರುತ್ತೆ ನೋಡಿ. ಮೊದಲು ಜೀವ, ಆಮೇಲೆ ಶಕ್ತಿ, ಕೌಶಲ, ವೇಗ, ಅದೃಷ್ಟ, ರಕ್ಷಣೆ. ಯಾವುದು ಏರುತ್ತೆ ಅಂತ ಮೊದಲೇ ಗೊತ್ತಾಗೋದಿಲ್ಲ. ನಾನು ಉಸಿರು ಹಿಡಿದುಕೊಂಡು ನೋಡುತ್ತಿದ್ದೆ. ಐದೂ ಆರೂ ಒಟ್ಟಿಗೆ ಏರಿದ ದಿನ ಪಕ್ಕದಲ್ಲಿ ಮಲಗಿದ್ದ ತಮ್ಮನನ್ನು ಎಬ್ಬಿಸಿ ತೋರಿಸಿದ್ದೆ.

ಹತ್ತನೇ ಲೆವೆಲ್‌ಗೆ ಬಂದರೆ ರಾಸ್ ದೊಡ್ಡ ಕೊಡಲಿವೀರ ಆಗ್ತಾನೆ. ನನ್ನ ರಾಸ್ ಎಂಟಕ್ಕೆ ಬಂದಿದ್ದ. ಆರನೇ ಅಧ್ಯಾಯ. ಹಾಸಿನ ತುಂಬ ಮಂಜು, ಎರಡು ಮೂರು ಮನೆ ಆಚೆ ಏನೂ ಕಾಣೋದಿಲ್ಲ. ಮುಂದೆ ಈಟಿಯವನೊಬ್ಬ ಇದ್ದ. ರಾಸ್‌ನ ಏಟು ಬೀಳೋ ಸಾಧ್ಯತೆ 88 ಅಂತ ತೋರಿಸಿತು. ಒತ್ತಿದೆ. ತಪ್ಪಿತು. ಈಟಿಯವನು ತಿರುಗಿ ಹೊಡೆದ. ವೈರಿಗಳ ಸರದಿಯಲ್ಲಿ ಮಂಜಿನೊಳಗಿಂದ ಕತ್ತಿ ಹಿಡಿದವನು ಬಂದ. ಅಷ್ಟೇ.

ಮರು ಅಧ್ಯಾಯಕ್ಕೆ ಆಳು ಆರಿಸೋ ಪಟ್ಟಿ ಬಂತು. ಗಾರ್ಸಿಯಾ ಹೆಸರು ಇತ್ತು, ರಾಸ್ ಹೆಸರು ಇರಲಿಲ್ಲ. ಅಧ್ಯಾಯ ಮತ್ತೆ ಶುರು ಮಾಡಬಹುದು ಅಂತ ನನಗೆ ಯಾರೂ ಹೇಳಿರಲಿಲ್ಲ, ಹೊಳೆಯಲೂ ಇಲ್ಲ. ಹಾಗೇ ಕೊನೆವರೆಗೆ ಆಡಿದೆ. ಎಲ್ಲ ಯುದ್ಧಕ್ಕೂ ಗಾರ್ಸಿಯಾನನ್ನು ಕರ್ಕೊಂಡು ಹೋದೆ, ಅವನಿಗಿಂತ ಚೆನ್ನಾಗಿ ಹೊಡೆಯೋರು ಇದ್ದಾಗಲೂ. ಆಟಕ್ಕೆ ಅದೇನೂ ಗೊತ್ತಾಗೋದಿಲ್ಲ. ನನಗೆ ಗೊತ್ತಿತ್ತು.

ನೀವು ಆಡಿದ್ದರೆ ಹೇಳಿ. ನಿಮ್ಮವರು ಸತ್ತಾಗ ಮುಂದೆ ಹೋದ್ರಾ, ಮತ್ತೆ ಮೊದಲಿಂದ ಶುರು ಮಾಡಿದ್ರಾ?


ಕೋಟೆಮಣ್ಣು, ಬೀದರ್

ಅಣ್ಣ, ಓದಿ ತುಂಬ ಖುಷಿಯಾಯ್ತು. ನಾನು ಈ ಸರಣಿಯನ್ನು ತಡವಾಗಿ ಹಿಡಿದವನು, ಆದರೆ ಹಿಡಿದ ಮೇಲೆ ಬಿಟ್ಟಿಲ್ಲ. ನಾನು ಮುಂದೆ ಹೋಗೋನು. ಯಾವತ್ತೂ ರೀಸೆಟ್ ಮಾಡಿ ಮೊದಲಿಂದ ಶುರು ಮಾಡಿಲ್ಲ.

ಮೊದಲು ನಿಮ್ಮ 88ರ ವಿಷಯ. ಆ ಕಾಲದ ಗೇಮ್‌ಬಾಯ್ ಅಡ್ವಾನ್ಸ್ ಫೈರ್ ಎಂಬ್ಲಮ್‌ಗಳಲ್ಲಿ ಏಟು ಬೀಳುತ್ತಾ ಅನ್ನೋಕೆ ಆಟ ಒಳಗೊಳಗೇ ಎರಡು ಸಂಖ್ಯೆ ಎತ್ತಿ, ಅವುಗಳ ಸರಾಸರಿ ನೋಡುತ್ತೆ. ಹಾಗಾಗಿ ಪರದೆ ಮೇಲೆ ಕಾಣೋದೇ ಬೇರೆ, ನಿಜವಾದ ಸಾಧ್ಯತೆಯೇ ಬೇರೆ. 90 ಅಂತ ತೋರಿಸಿದರೆ ನಿಜಕ್ಕೂ ಅದು 98ರ ಹತ್ತಿರ. 70 ಅಂದರೆ 82. ಕೆಳಗೆ ಇದು ಉಲ್ಟಾ: 30 ಅಂತ ತೋರಿಸಿದರೆ ನಿಜಕ್ಕೂ 18 ಅಷ್ಟೇ. ನಿಮ್ಮ 88 ಅಂದರೆ 97ರ ಮೇಲೆ. ನೂರಕ್ಕೆ ಮೂರು ಸಲ ಕೂಡ ತಪ್ಪದ ಏಟು ಅದು. ನೀವು ಮಾಡಿದ ಲೆಕ್ಕ ಸರಿಯೇ ಇತ್ತು, ಅಣ್ಣ.

ನನಗೆ ಈ ಆಟ ಹಿಡಿಸಿದ್ದು ಜಾಗದಿಂದ. ಯಾರು ಬಲಶಾಲಿ ಅನ್ನೋದಕ್ಕಿಂತ ಯಾರು ಎಲ್ಲಿ ನಿಂತಿದ್ದಾರೆ ಅನ್ನೋದು ಮುಖ್ಯ. ಗಿಡಗಳಿರೋ ಮನೆಯಲ್ಲಿ ನಿಂತರೆ ವೈರಿಯ ಏಟು ಬೀಳೋದು 20 ಕಮ್ಮಿ ಆಗುತ್ತೆ. ಕೋಟೆಯ ಮನೆಯಲ್ಲಿ ನಿಂತರೆ ಸರದಿ ಸರದಿಗೂ ಸ್ವಲ್ಪ ಜೀವ ತುಂಬುತ್ತೆ. ಒಂದೇ ಮನೆ ಅಗಲದ ಬಾಗಿಲಲ್ಲಿ ಗಿಲಿಯಮ್ ಥರದ ಕವಚದ ಆಳು ನಿಲ್ಲಿಸಿದರೆ, ಆಚೆ ಹತ್ತು ಜನ ಇದ್ದರೂ ಅವನ ಮುಂದೆ ನಿಂತು ಹೊಡೆಯೋಕೆ ಒಬ್ಬನಿಗೇ ಜಾಗ. ನಮ್ಮ ಬೀದರ್ ಕೋಟೆಗೆ ಚಿಕ್ಕಂದಿನಿಂದ ನೂರು ಸಲ ಹೋಗಿದ್ದೀನಿ. ಬಂಡೆ ಕಡಿದು ಮಾಡಿದ ಮೂರು ಸಾಲಿನ ಕಂದಕ ಇದೆ. ಬಾಗಿಲು ದಾಟಿದ ಮೇಲೆ ದಾರಿ ತಿರುಗುತ್ತೆ, ಮತ್ತೆ ಇನ್ನೊಂದು ಬಾಗಿಲು. ಅಷ್ಟು ವರ್ಷ ಸುಮ್ನೆ ನೋಡಿಕೊಂಡು ಓಡಾಡಿದ್ದೆ. ಈ ಆಟ ಆಡಿದ ಮೇಲೆ ಒಂದು ದಿನ ಆ ತಿರುವಿನಲ್ಲಿ ನಿಂತುಬಿಟ್ಟೆ. ಇಲ್ಲಿ ಒಬ್ಬ ನಿಂತರೆ ಎಷ್ಟು ಜನರನ್ನು ತಡೀಬಹುದು ಅಂತ ಮನೆ ಎಣಿಸುತ್ತಿದ್ದೆ.

ರೀಸೆಟ್ ಯಾಕೆ ಮಾಡೋದಿಲ್ಲ ಅಂದರೆ, ನಮ್ಮ ತಂದೆ ಬಿದ್ರಿ ಕೆಲಸದವರು. ಗೆರೆ ಕೊರೆಯುವಾಗ ಉಳಿ ಜಾರಿತು ಅಂದರೆ ಅಳಿಸೋಕೆ ಆಗೋದಿಲ್ಲ. ಆ ಗೀರಿಗೆ ಒಂದು ಎಲೆ ಸೇರಿಸಿ ಬಳ್ಳಿ ಮಾಡ್ತಾರೆ, ಅದಕ್ಕೂ ಬೆಳ್ಳಿ ತಂತಿ ಕೂರಿಸ್ತಾರೆ. ನನ್ನ ಆಟವೂ ಹಾಗೇ ಇರಲಿ ಅನಿಸುತ್ತೆ. ಅಲ್ಲಿ ಒಬ್ಬ ಬಿದ್ದ, ಆ ಜಾಗಕ್ಕೆ ನಾನು ಲೆಕ್ಕಕ್ಕೇ ಇಡದ ಇನ್ನೊಬ್ಬ ಬಂದ, ಅವನೇ ಕೊನೆಗೆ ಕಾಪಾಡಿದ. ಈ ಕಥೆ ನನ್ನೊಬ್ಬನಿಗೇ ಸಿಕ್ಕಿದ್ದು.


ಸುರಪುರದಾಕಿ, ಯಾದಗಿರಿ ಜಿಲ್ಲೆ

ನಾನು ಪ್ರತಿ ಸಲ ರೀಸ್ಟಾರ್ಟ್ ಮಾಡ್ತೀನಿ. ಒಬ್ಬರೂ ಸಾಯಬಾರದು. ಒಂದೂವರೆ ತಾಸು ಆಡಿದ ಅಧ್ಯಾಯ ಆದರೂ ಸರಿ, ಮೊದಲಿಂದ.

ನಮ್ಮಣ್ಣ ಹೈದರಾಬಾದಿನಲ್ಲಿ ಓದುವಾಗ ಯಾರದ್ದೋ ಕೈಯಿಂದ ಹಳೇದು ತಗೊಂಡು ಬಂದಿದ್ದ. ಎಸ್‌ಪಿ ಅಲ್ಲ, ಅದಕ್ಕೂ ಮೊದಲಿನದು, ಅಡ್ಡ ಉದ್ದ ಇರುತ್ತಲ್ಲ, ಅದು. ಪರದೆಗೆ ಬೆಳಕೇ ಇಲ್ಲ. ಹಗಲು ಕಿಟಕಿ ಪಕ್ಕ ಕೂತರೆ ಮಾತ್ರ ಕಾಣುತ್ತೆ. ಎರಡು ಪೆನ್ಸಿಲ್ ಸೆಲ್ ಬೇಕು. ಅಣ್ಣ ಹಾಸ್ಟೆಲ್‌ಗೆ ಹೋದ ಮೇಲೆ ಅದು ನನ್ನದಾಯ್ತು. ಸಂತೆಗೆ ಹೋದಾಗ ಉಳಿಸಿದ ದುಡ್ಡೆಲ್ಲ ಸೆಲ್‌ಗೇ ಹೋಗ್ತಿತ್ತು.

ನನಗೆ ಯುದ್ಧಕ್ಕಿಂತ ಮಾತುಕತೆ ಇಷ್ಟ. ಇಬ್ಬರನ್ನು ಅಕ್ಕಪಕ್ಕದ ಮನೆಯಲ್ಲಿ ಬಹಳ ಸರದಿ ನಿಲ್ಲಿಸಿದರೆ ಅವರ ನಡುವೆ ಸಲಿಗೆ ಬೆಳೆಯುತ್ತೆ. ಸಿ, ಆಮೇಲೆ ಬಿ, ಆಮೇಲೆ ಎ. ಒಂದೊಂದು ಮೆಟ್ಟಿಲಿಗೂ ಒಂದು ಮಾತುಕತೆ. ಒಬ್ಬರಿಗೆ ಒಂದು ಆಟದಲ್ಲಿ ಒಟ್ಟು ಐದೇ ಇಂಥ ಮಾತುಕತೆ. ಹಾಗಾಗಿ ಯಾರನ್ನು ಯಾರ ಪಕ್ಕ ನಿಲ್ಲಿಸಬೇಕು ಅಂತ ಬಹಳ ಯೋಚನೆ ಮಾಡಬೇಕು. ನಾನು ಸರ್ಕಾರಿ ಕನ್ನಡ ಶಾಲೆಯಲ್ಲಿ ಓದಿದವಳು. ಇಂಗ್ಲಿಷ್ ಅಂದರೆ ಹೆದರಿಕೆ. ಆದರೆ ನೀಮಿ ಏನು ಹೇಳಿದಳು ಅಂತ ತಿಳಿಯಲೇಬೇಕಲ್ಲ? ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಗೊತ್ತಿಲ್ಲದ ಪದ ಬರೆದಿಟ್ಟುಕೊಂಡು, ಶಾಲೆಯ ಡಿಕ್ಷನರಿಯಲ್ಲಿ ಹುಡುಕಿ ಪಕ್ಕದಲ್ಲಿ ಕನ್ನಡ ಬರೀತಿದ್ದೆ. ನೋಟ್‌ಬುಕ್ ಇನ್ನೂ ಇದೆ. ಮೊದಲ ಪುಟದಲ್ಲಿ ಕತ್ತಿ, ಕವಚ, ದ್ರೋಹ, ಆಣೆ ಇಂಥ ಪದಗಳೇ ತುಂಬಿವೆ.

ನೀಮಿ ಬಿಲ್ಲಿನ ಹುಡುಗಿ, ಮಾತೆತ್ತಿದರೆ ಅಳ್ತಾಳೆ. ಅವಳ ತಾಯಿಯ ನೆನಪಿಗೆ ಇದ್ದ ಒಂದು ಕನ್ನಡಿಯನ್ನು ಕಳ್ಳರು ಒಯ್ದಿರ್ತಾರೆ. ಚಿಕ್ಕಂದಿನ ಗೆಳೆಯ ಕೋಲ್ಮ್ ಅದನ್ನು ತರೋಕೆ ಒಬ್ಬನೇ ಕಳ್ಳರ ಕೋಟೆಗೆ ನುಗ್ಗಿರ್ತಾನೆ. ಸಿಕ್ಕಾಗ ಅವಳನ್ನೇ ಬೈತಾನೆ. ಇಂಥ ಹುಡುಗರು ನಮ್ಮ ಓಣಿಯಲ್ಲೂ ಇದ್ದರು, ನನಗೆ ಗೊತ್ತಿದ್ದ ಮುಖಗಳೇ. ಇವರಿಬ್ಬರಲ್ಲಿ ಒಬ್ಬರು ಬಿದ್ದರೆ ಇನ್ನೊಬ್ಬರ ಮಾತು ಅರ್ಧಕ್ಕೇ ನಿಂತುಹೋಗುತ್ತೆ. ಬಿ ಮಾತುಕತೆ ಆಗಿದೆ, ಎ ಇನ್ನು ಯಾವತ್ತೂ ಬರೋದಿಲ್ಲ. ಅದನ್ನು ನಾನು ಹೇಗೆ ಬಿಡಲಿ, ಹೇಳಿ ಕೋಟೆಮಣ್ಣು ಅವರೇ?


ಕೋಟೆಮಣ್ಣು, ಬೀದರ್

ಅಕ್ಕಾ, ಕೋಲ್ಮ್ ನನ್ನ ಆಟದಲ್ಲಿ ಎಂಟನೇ ಅಧ್ಯಾಯದಲ್ಲೇ ಹೋದ. ನೀವು ಬರೆದಿದ್ದು ಓದಿದ ಮೇಲೆ, ಅವರ ಎ ಮಾತುಕತೆ ನಾನು ಓದೇ ಇಲ್ಲ ಅಂತ ನೆನಪಾಯ್ತು. ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ.


ಅಪ್ಪನಕೆರೆ, ಕಲಬುರಗಿ

ಮಧ್ಯೆ ಒಂದು ಮಾತು. ಸತ್ತವರು ವಾಪಸ್ ಬರೋದಿಲ್ಲ ಅನ್ನೋದು ಈ ಸರಣಿಯ ಮೊದಲ ಆಟದಿಂದಲೂ ಇದೆ. ಅದು 1990ರಲ್ಲಿ ಜಪಾನಿನ ಫ್ಯಾಮಿಕಾಮ್ ಅನ್ನೋ ಗೇಮ್ ಯಂತ್ರಕ್ಕೆ ಬಂತು, ಮಾಡಿದ್ದು ಇಂಟೆಲಿಜೆಂಟ್ ಸಿಸ್ಟಮ್ಸ್. ಬಹಳ ವರ್ಷ ಜಪಾನ್ ಬಿಟ್ಟು ಹೊರಗೆ ಬರಲೇ ಇಲ್ಲ. 2001ರ ಸ್ಮ್ಯಾಶ್ ಬ್ರದರ್ಸ್ ಮೇಲೀ ಅನ್ನೋ ಹೊಡೆದಾಟದ ಗೇಮ್‌ನಲ್ಲಿ ಈ ಸರಣಿಯ ಮಾರ್ತ್, ರಾಯ್ ಅಂತ ಇಬ್ಬರನ್ನು ನೋಡಿ, ಇವರು ಯಾರು ಅಂತ ಹೊರಗಿನವರೂ ಕೇಳೋಕೆ ಶುರು ಮಾಡಿದರು. 2003ರಲ್ಲಿ ಮೊದಲ ಸಲ ಒಂದು ಫೈರ್ ಎಂಬ್ಲಮ್ ಇಂಗ್ಲಿಷ್‌ನಲ್ಲಿ ಬಂತು. ಸೇಕ್ರೆಡ್ ಸ್ಟೋನ್ಸ್ ಜಪಾನಿನಲ್ಲಿ 2004, ಅಮೆರಿಕದಲ್ಲಿ 2005.

2010ರಲ್ಲಿ ನಿಂಟೆಂಡೊ ಡಿಎಸ್ ಯಂತ್ರಕ್ಕೆ ಬಂದ ಫೈರ್ ಎಂಬ್ಲಮ್‌ನಲ್ಲಿ ಕ್ಯಾಶುವಲ್ ಅನ್ನೋ ಆಯ್ಕೆ ಬಂತು. ಅದರಲ್ಲಿ ಬಿದ್ದವರು ಮುಂದಿನ ಅಧ್ಯಾಯಕ್ಕೆ ಎದ್ದು ಬರ್ತಾರೆ. 2019ರ ತ್ರೀ ಹೌಸಸ್‌ನಲ್ಲಿ ಕಾಲವನ್ನೇ ಹಿಂದಕ್ಕೆ ತಿರುಗಿಸಬಹುದು. ಕೆಲಸ ಮುಗಿಸಿ ಬಂದು ಅರ್ಧ ತಾಸು ಆಡೋ ನನ್ನಂಥವರಿಗೆ ಅದು ಒಳ್ಳೇದೇ. ಆದರೆ ಹಳೆಯದರಲ್ಲಿ ಎ ಬಟನ್ ಒತ್ತೋ ಮುಂಚೆ ಬೆರಳು ನಿಲ್ಲುತ್ತಿತ್ತಲ್ಲ, ಆ ಭಯ ನನಗೆ ಹೊಸದರಲ್ಲಿ ಸಿಗಲಿಲ್ಲ.


ಕೆಂಪುಬಾಳೆ, ಕಮಲಾಪುರ

ನಾನು ಒಂದೂ ಆಡಿಲ್ಲ. ಇದೆಲ್ಲ ಓದಿ ಆಡಬೇಕು ಅನಿಸ್ತಿದೆ. ಚದುರಂಗ ಸ್ವಲ್ಪ ಬರುತ್ತೆ. ನನ್ನ ಹತ್ರ ನಿಂಟೆಂಡೊದ ಸ್ವಿಚ್ ಗೇಮ್ ಯಂತ್ರ ಇದೆ. ಎಲ್ಲಿಂದ ಶುರು ಮಾಡಲಿ? ತುಂಬ ಕಷ್ಟ ಇದೆಯಾ?


ಅಪ್ಪನಕೆರೆ, ಕಲಬುರಗಿ

2003ರಲ್ಲಿ ಬಂದಿದ್ದು ಅಂದೆನಲ್ಲ, ಅದನ್ನು 2023ರ ಜೂನ್‌ನಲ್ಲಿ ಸ್ವಿಚ್ ಆನ್‌ಲೈನ್ ಅನ್ನೋ ಚಂದಾ ಸೇವೆಯ ಎಕ್ಸ್‌ಪಾನ್ಶನ್ ಪ್ಯಾಕ್‌ಗೆ ಹಾಕಿದ್ದಾರೆ. ಅಲ್ಲಿಂದ ಶುರು ಮಾಡಿ. ಅದರ ಮೊದಲ ಭಾಗ ಲಿನ್ ಅನ್ನೋ ಹುಲ್ಲುಗಾವಲಿನ ಹುಡುಗಿಯ ಕಥೆ. ಹತ್ತು ಅಧ್ಯಾಯ ಕೈ ಹಿಡಿದು ಕಲಿಸುತ್ತೆ. ಮಧ್ಯೆ ಬಿಟ್ಟು ಏಳಬೇಕಾದರೂ ತೊಂದರೆ ಇಲ್ಲ, ಯುದ್ಧದ ನಡುವೆಯೇ ನಿಲ್ಲಿಸಿ ಆಮೇಲೆ ಮುಂದುವರಿಸಬಹುದು.


ಕೋಟೆಮಣ್ಣು, ಬೀದರ್

ಸೇಕ್ರೆಡ್ ಸ್ಟೋನ್ಸ್ ಅದಕ್ಕಿಂತ ಸುಲಭ ಅಂತ ಹೇಳೋರು ಜಾಸ್ತಿ. ನಕ್ಷೆ ಮೇಲೆ ಹಿಂದೆ ಹೋಗಿ, ಗೋಪುರದಲ್ಲಿ ಎಷ್ಟು ಬೇಕಾದರೂ ಹೊಡೆದಾಡಿ ಲೆವೆಲ್ ಏರಿಸಬಹುದು. ಅದು ಕೊರತೆ ಅಂತ ನನಗೆ ಅನಿಸೋದಿಲ್ಲ. ರಾಸ್ ಥರದ ಹುಡುಗರನ್ನು ಬೆಳೆಸೋಕೆ ಸಮಯ ಬೇಕೇ ಬೇಕು.

ಕೆಂಪುಬಾಳೆ ಅವರಿಗೆ ಒಂದು ಕಿವಿಮಾತು. ಯಾರನ್ನಾದರೂ ಮುಂದಕ್ಕೆ ನಡೆಸೋ ಮುಂಚೆ ವೈರಿಗಳು ಎಷ್ಟು ದೂರ ಬರಬಹುದು ಅಂತ ಒಬ್ಬೊಬ್ಬರದ್ದೂ ಒತ್ತಿ ನೋಡಿ. ಅವರ ಗೆರೆಯ ಒಳಗೆ ಒಬ್ಬನೇ ಒಬ್ಬ ಗಟ್ಟಿ ಆಳು ಇರಲಿ, ಉಳಿದವರು ಹೊರಗಿರಲಿ. ಅವರು ಬಂದು ಇವನ ಮೇಲೆ ಬೀಳಲಿ, ಆಮೇಲೆ ನೀವೆಲ್ಲ ಮುಂದೆ ಹೋಗಿ. ಅರ್ಧ ಆಟ ಇಷ್ಟೇ.


ಸುರಪುರದಾಕಿ, ಯಾದಗಿರಿ ಜಿಲ್ಲೆ

ರಾತ್ರಿ ಇದೇ ಯೋಚನೆ ಮಾಡ್ತಾ ಮಲಗಿದ್ದೆ. ಒಂದು ವಿಷಯ ಹೊಳೆಯಿತು, ಬರೆದುಬಿಡ್ತೀನಿ. ಕೆಂಪುಬಾಳೆ ಅವರೇ, ಇದರಲ್ಲಿ ಕೊನೆಯ ಕಥೆ ಇದೆ, ಆಡಬೇಕು ಅಂತಿದ್ದರೆ ಇದನ್ನು ಓದಬೇಡಿ.

ಓರ್ಸನ್ ನೆನಪಿದ್ದಾನಾ? ರಾಜಕುಮಾರ ಎಫ್ರೈಮ್ ಜೊತೆ ಇದ್ದ ಸವಾರ. ಎಲ್ಲರನ್ನೂ ಶತ್ರುಗಳಿಗೆ ಹಿಡಿದುಕೊಟ್ಟ. ಯಾಕೆ? ಅವನ ಹೆಂಡತಿ ಮೋನಿಕಾ ಸತ್ತಿದ್ದಳು, ಅವಳನ್ನು ಬದುಕಿಸಿಕೊಡ್ತೀವಿ ಅಂದರು. ಬದುಕಿಸಿಯೂ ಕೊಟ್ಟರು. ಅರಮನೆಯ ಕೋಣೆಯೊಳಗೆ ಹೋದರೆ ಅವಳು ಇರ್ತಾಳೆ. ಒಂದೇ ಮಾತು ಹೇಳ್ತಾ ಇರ್ತಾಳೆ, ಮತ್ತೆ ಮತ್ತೆ ಅದೇ. ಆ ಅಧ್ಯಾಯ ಮೊದಲ ಸಲ ಆಡಿದ ದಿನ ನಾನು ಮಧ್ಯಾಹ್ನ ಊಟ ಮಾಡಲಿಲ್ಲ. ಅವ್ವ ಹೊಟ್ಟೆ ನೋವಾ ಅಂತ ಕೇಳಿದಳು.

ಆಮೇಲೆ ಲಿಯಾನ್. ಏರಿಕಾ, ಎಫ್ರೈಮ್ ಅಣ್ಣತಂಗಿಯರ ಗೆಳೆಯ, ಗ್ರಾಡೊ ರಾಜ್ಯದ ಯುವರಾಜ. ಮೆತ್ತಗಿನ ಹುಡುಗ, ಓದೋದು ಅವನಿಗೆ ಪ್ರಾಣ. ತನ್ನ ದೇಶಕ್ಕೆ ದೊಡ್ಡ ಭೂಕಂಪ ಬರುತ್ತೆ ಅಂತ ಅವನಿಗೆ ಮೊದಲೇ ಗೊತ್ತಾಗುತ್ತೆ. ಜನರನ್ನು ಉಳಿಸಬೇಕು ಅಂತ ಆಟದ ಹೆಸರಲ್ಲಿರೋ ಆ ಪವಿತ್ರ ಕಲ್ಲಿನ ಶಕ್ತಿ ಹುಡುಕಿದ. ಅಷ್ಟರಲ್ಲಿ ಅಪ್ಪ ತೀರಿಕೊಂಡರು. ಅಪ್ಪನನ್ನು ವಾಪಸ್ ತರೋಕೆ ಹೋದ. ಎಲ್ಲ ಕೆಟ್ಟಿದ್ದು ಅಲ್ಲಿಂದ. ಆಟದ ಮಧ್ಯೆ ಏರಿಕಾ, ಎಫ್ರೈಮ್ ಇಬ್ಬರಲ್ಲಿ ಒಬ್ಬರ ದಾರಿ ಆರಿಸಬೇಕು. ಏರಿಕಾಳ ದಾರಿಯಲ್ಲಿ ಆಡಿದರೆ ಲಿಯಾನ್ ಒಂಥರಾ ಕಾಣ್ತಾನೆ, ಎಫ್ರೈಮ್ ದಾರಿಯಲ್ಲಿ ಆಡಿದರೆ ಇನ್ನೊಂಥರಾ. ಎರಡೂ ಆಡಿದ ಮೇಲೇ ಆ ಹುಡುಗ ಪೂರ್ತಿ ಅರ್ಥ ಆಗೋದು.

ನನಗೆ ಹೊಳೆದಿದ್ದು ಇದು. ಓರ್ಸನ್‌ಗೂ ಲಿಯಾನ್‌ಗೂ ತಮ್ಮವರು ಸತ್ತಿದ್ದನ್ನು ಒಪ್ಪಿಕೊಳ್ಳೋಕೆ ಆಗಲಿಲ್ಲ. ನೀಮಿ ಬಿದ್ದಾಗ ನಾನು ಮಾಡೋದೂ ಅದೇ ಅಲ್ವಾ? ಸ್ವಿಚ್ ಆಫ್ ಮಾಡ್ತೀನಿ. ಆನ್ ಮಾಡಿ ಮುಂದುವರಿಸಿದರೆ ಅದೇ ಜಾಗ, ಅದೇ ಏಟು, ಏನೂ ಬದಲಾಗೋದಿಲ್ಲ. ಅದಕ್ಕೆ ಅಧ್ಯಾಯವನ್ನೇ ಮೊದಲಿಂದ ತೆಗೀತೀನಿ. ಇಷ್ಟು ವರ್ಷ ಲಿಯಾನ್ ಮೇಲೆ ನನಗೆ ಯಾಕೆ ಸಿಟ್ಟೇ ಬರಲಿಲ್ಲ ಅಂತ ಈಗ ಗೊತ್ತಾಯ್ತು.

ಆದರೂ ನಾನು ರೀಸ್ಟಾರ್ಟ್ ಮಾಡೋದು ಬಿಡೋದಿಲ್ಲ. ನನ್ನ ನೀಮಿ ಸುಮ್ನೆ ಒಂದೇ ಮಾತು ಹೇಳ್ತಾ ಕೂತಿರೋದಿಲ್ಲ. ಅವಳು ಕೋಲ್ಮ್ ಜೊತೆ ಜಗಳ ಆಡ್ತಾಳೆ, ಅಳ್ತಾಳೆ, ಮುಂದೆ ಬೆಳೀತಾಳೆ.


ಅಪ್ಪನಕೆರೆ, ಕಲಬುರಗಿ

ಅಕ್ಕಾ, ಈ ಆಟ ನಾನು ಮೂರು ಸಲ ಮುಗಿಸಿದ್ದೀನಿ. ಹೀಗೆ ಒಂದು ಸಲವೂ ನೋಡಿರಲಿಲ್ಲ.


ತೊಗರಿಹೊಲ, ಕಲಬುರಗಿ

ಎಲ್ಲರದ್ದೂ ಎರಡೆರಡು ಸಲ ಓದಿದೆ. ಸುರಪುರದ ಅಕ್ಕಾ, ನೀವು ಬರೆದಿದ್ದನ್ನು ನಮ್ಮ ಮನೆಯವಳಿಗೂ ಓದಿ ಹೇಳಿದೆ. ಕೋಟೆಮಣ್ಣು, 97ರ ಲೆಕ್ಕ ಹೇಳಿದ್ದಕ್ಕೆ ಥ್ಯಾಂಕ್ಸ್. ಇಷ್ಟು ವರ್ಷ ಅದು ನನ್ನ ತಪ್ಪು ಅಂತಲೇ ಮನಸ್ಸಿನಲ್ಲಿ ಉಳಿದಿತ್ತು.

ರಜೆಗೆ ಅಕ್ಕನ ಮಗಳು ಸೇಡಂನಿಂದ ಬಂದಿದ್ದಾಳೆ. ಹತ್ತು ವರ್ಷ. ಮೊಬೈಲ್ ಇಟ್ಟು ಇದನ್ನು ಕೈಗೆ ಕೊಟ್ಟೆ. ನನ್ನ ಹಳೇ ಆಟ ಮುಟ್ಟದೆ ಪಕ್ಕದ ಜಾಗದಲ್ಲಿ ಹೊಸದು ಶುರು ಮಾಡಿಕೊಟ್ಟೆ. ನಾನು ಏನೂ ಹೇಳಿಕೊಡಲಿಲ್ಲ, ರಾಸ್ ವಿಷಯವಂತೂ ಬಾಯಿ ಬಿಡಲಿಲ್ಲ. ಐದನೇ ಅಧ್ಯಾಯದಲ್ಲಿ ಜೋಶುವಾನನ್ನು ಹೊಡೆಯೋಕೆ ಹೊರಟಿದ್ದಳು, ಮುಖ ನೋಡಿ ನಿಲ್ಲಿಸಿದಳು. "ಮಾಮಾ, ಇವನಿಗೆ ಮುಖ ಇದೆ, ಹೆಸರಿದೆ. ಇವನು ನಮ್ಮವನೇ ಇರಬೇಕು" ಅಂತ ನಟಾಶಾಳನ್ನು ಮಾತಾಡೋಕೆ ಕಳಿಸಿದಳು. ಅವನು ಬಂದ.

ನಿನ್ನೆ ರಾತ್ರಿ ಊಟ ಆದ ಮೇಲೆ ಮಾಳಿಗೆಗೆ ಹೋದೆವು. ಆರನೇ ಅಧ್ಯಾಯ, ಅದೇ ಮಂಜು. ಅವಳ ರಾಸ್ ಏಳನೇ ಲೆವೆಲ್. ಗಾರ್ಸಿಯಾನನ್ನು ಮುಂದಿನ ಮನೆಗೆ ನಡೆಸಿದಳು. ಆಮೇಲೆ ರಾಸ್‌ನನ್ನು ಎತ್ತಿಕೊಂಡು ನನ್ನ ಮುಖ ನೋಡಿದಳು. "ಇವನನ್ನ ಎಲ್ಲಿ ನಿಲ್ಲಿಸ್ಲಿ ಮಾಮಾ?" ನನಗೆ ಬಾಯಿಗೆ ಮಾತು ಬರಲಿಲ್ಲ. ನಾಳೆ ನೋಡೋಣ ಅಂತ ಅಲ್ಲೇ ನಿಲ್ಲಿಸಿ ಮಡಚಿಟ್ಟೆ. ಇವತ್ತು ರಾತ್ರಿ ಮತ್ತೆ ಕೇಳ್ತಾಳೆ.


ಕೋಟೆಮಣ್ಣು, ಬೀದರ್

ಅಪ್ಪನ ಬೆನ್ನಿಗೆ ಅಂಟಿಕೊಂಡೇ ಇರಲಿ, ಅಣ್ಣ. ಪಕ್ಕದಲ್ಲಿ ಗಿಡದ ಮನೆ ಇದ್ದರೆ ಅದರಲ್ಲೇ ನಿಲ್ಲಿಸಿ.


ಸುರಪುರದಾಕಿ, ಯಾದಗಿರಿ ಜಿಲ್ಲೆ

ಅವಳನ್ನೇ ಆರಿಸೋಕೆ ಬಿಡಿ. ಏನಾಯ್ತು ಅಂತ ಮಾತ್ರ ಇಲ್ಲಿ ಬರೀರಿ, ಮರೀಬೇಡಿ.